ಆಟಕ್ಕುಂಟು, ಲೆಕ್ಕಕ್ಕೂ ಇರಬೇಕು

ಜೂನ್ ತಿಂಗಳ ಒಂದು ಭಾನುವಾರ. ನ್ಯೂಜೆರ್ಸಿಯ ಪಟ್ಟಣವೊಂದರ ಸಾರ್ವಜನಿಕ ಮೈದಾನದಲ್ಲಿ ಬೆಳಿಗ್ಗೆ ಹನ್ನೊಂದಕ್ಕೆ ಹನ್ನೆರಡು ವರ್ಷದೊಳಗಿನ ಬಾಲಕಿಯರ ಸಾಫ್ಟ್‌ಬಾಲ್ ನಾಕೌಟ್ ಪಂದ್ಯ ಆರಂಭವಾಗುತ್ತದೆ. ಆಗ ಮೈಸೂರಿನಲ್ಲಿ ರಾತ್ರಿ ಎಂಟೂವರೆ. ಅಜ್ಜ ಅಜ್ಜಿ ಬೇಗನೆ ಊಟ ಮುಗಿಸಿ, ಮಗ ಹಾಕಿಕೊಟ್ಟಿರುವ ಗೇಮ್‌ಚೇಂಜರ್ ಆ್ಯಪ್ ತೆರೆದು ಮೊಮ್ಮಗಳ ಆಟ ನೋಡಲು ಕೂರುತ್ತಾರೆ. ತಂಡದ ಪಟ್ಟಿಯಲ್ಲಿ ಅವಳ ಹೆಸರಿದೆ, ಮೈದಾನದಲ್ಲಿ ಅವಳಿಲ್ಲ. ಒಂದು ಇನ್ನಿಂಗ್ಸ್ ಕಳೆಯುತ್ತದೆ, ಎರಡು ಕಳೆಯುತ್ತವೆ. ಬೇಲಿಯ ಹಿಂದಿನ ಬೆಂಚು ಕ್ಯಾಮೆರಾಕ್ಕೆ ಸಿಗುವುದಿಲ್ಲ. ಕೊನೆಗೆ ತಂಡ ಗೆಲ್ಲುತ್ತದೆ. ಅಜ್ಜಿ ಫೋನ್ ಮಾಡಿ, ‘ಗೆದ್ದಿರಂತಲ್ಲೇ ಪುಟ್ಟಿ!’ ಎಂದರೆ ಆ ಕಡೆಯಿಂದ ಬರುವ ಉತ್ತರ: ‘ಹೂಂ ಅಜ್ಜಿ, ಗೆದ್ದರು.’ ಗೆದ್ದೆವು ಎನ್ನಬೇಕಾದ ಕಡೆ ಗೆದ್ದರು.

ಊರು, ಹೆಸರುಗಳನ್ನು ಬದಲಿಸಿಕೊಂಡರೆ ಇದು ನ್ಯೂಯಾರ್ಕ್–ನ್ಯೂಜೆರ್ಸಿ ಸೀಮೆಯ ಎಷ್ಟೋ ಕನ್ನಡ ಮನೆಗಳಲ್ಲಿ ನಡೆಯಬಹುದಾದ ಮಾತುಕತೆ. ಎಡಿಸನ್, ಪಿಸ್ಕಾಟವೇ, ಪ್ಲೇನ್ಸ್‌ಬರೋ, ಪಾರ್ಸಿಪ್ಪನಿಗಳಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಭರತನಾಟ್ಯ, ಸಂಗೀತ, ಗಣಿತದ ಜೊತೆಗೆ ಈಗ ಮೈದಾನದ ಆಟಗಳಿಗೂ ಹೋಗುತ್ತಾರೆ. ಅಲ್ಲಿ ಅವರ ತಂದೆತಾಯಿಯರಿಗೆ ಎದುರಾಗುವ ಮೊದಲ ಒಗಟು ಆಟದ ನಿಯಮಗಳದ್ದಲ್ಲ. ಹನ್ನೊಂದು–ಹನ್ನೆರಡರ ಮಕ್ಕಳ ತಂಡವೊಂದು ಪಂದ್ಯಾವಳಿಗೆ ಹೋಗುವುದು ಗೆಲ್ಲುವುದಕ್ಕೋ, ಎಲ್ಲರೂ ಆಡುವುದಕ್ಕೋ ಎಂಬುದೇ ಆ ಒಗಟು. ನಮ್ಮ ಭಾಷೆಯಲ್ಲಿ ಇದಕ್ಕೆ ಹಳೆಯ ಮಾತೊಂದಿದೆ: ಆಟಕ್ಕುಂಟು, ಲೆಕ್ಕಕ್ಕಿಲ್ಲ. ಬೀದಿಯ ಲಗೋರಿಯಲ್ಲಿ ಚಿಕ್ಕ ತಂಗಿಯನ್ನು ಸಮಾಧಾನಕ್ಕೆಂದು ಸೇರಿಸಿಕೊಳ್ಳುವಾಗ ಆ ಮಾತಿನಲ್ಲಿ ಅಕ್ಕರೆ ಇರುತ್ತದೆ. ಸಮವಸ್ತ್ರ ಹೊಲಿಸಿ, ಶುಲ್ಕ ಕಟ್ಟಿ, ಎರಡು ಗಂಟೆ ಕಾರು ಓಡಿಸಿಕೊಂಡು ಹೋದ ಮೇಲೂ ಮಗಳು ಲೆಕ್ಕಕ್ಕಿಲ್ಲದವಳಾದರೆ ಅದೇ ಮಾತು ಚುಚ್ಚುತ್ತದೆ.

ಹೋಬೋಕನ್‌ನ ಹುಡುಗಿ

ಈ ಪ್ರಶ್ನೆಯ ಚರಿತ್ರೆ ನ್ಯೂಜೆರ್ಸಿಯ ಮಣ್ಣಿಗೇ ಸೇರಿದ್ದು. ಹಡ್ಸನ್ ನದಿಯ ದಡದ ಹೋಬೋಕನ್ ಪಟ್ಟಣದ ಎಲಿಸಿಯನ್ ಫೀಲ್ಡ್ಸ್‌ನಲ್ಲಿ 1846ರಲ್ಲಿ ನಡೆದ ಪಂದ್ಯವನ್ನು ವ್ಯವಸ್ಥಿತ ಬೇಸ್‌ಬಾಲ್‌ನ ಆರಂಭದ ಗುರುತೆಂದು ಇಲ್ಲಿನವರು ನೆನೆಯುತ್ತಾರೆ. ಅದೇ ಹೋಬೋಕನ್‌ನಲ್ಲಿ 1972ರಲ್ಲಿ ಮರಿಯಾ ಪೆಪೆ ಎಂಬ ಹನ್ನೆರಡು ವರ್ಷದ ಹುಡುಗಿ ‘ಲಿಟ್ಲ್ ಲೀಗ್’ ಬೇಸ್‌ಬಾಲ್ ತಂಡದಲ್ಲಿ ಮೂರು ಪಂದ್ಯ ಆಡಿದಳು. ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ 1939ರಲ್ಲಿ ಹುಟ್ಟಿದ ಲಿಟ್ಲ್ ಲೀಗ್ ಸಂಸ್ಥೆಯ ನಿಯಮದಂತೆ ಅಂದು ಹುಡುಗಿಯರಿಗೆ ಪ್ರವೇಶವಿರಲಿಲ್ಲ. ಅವಳನ್ನು ಆಡಿಸಿದರೆ ಪಟ್ಟಣದ ಇಡೀ ಲೀಗಿನ ಮಾನ್ಯತೆ ರದ್ದಾಗುವುದೆಂಬ ಎಚ್ಚರಿಕೆ ಬಂತು. ಹುಡುಗಿ ಸಮವಸ್ತ್ರ ಹಿಂದಿರುಗಿಸಬೇಕಾಯಿತು.

ಮಹಿಳೆಯರ ರಾಷ್ಟ್ರೀಯ ಸಂಘಟನೆ ಅವಳ ಪರವಾಗಿ ದೂರು ಕೊಟ್ಟಿತು. ನ್ಯೂಜೆರ್ಸಿಯ ನಾಗರಿಕ ಹಕ್ಕುಗಳ ವಿಭಾಗದ ವಿಚಾರಣಾಧಿಕಾರಿ ಸಿಲ್ವಿಯಾ ಪ್ರೆಸ್ಲರ್ 1973ರ ನವೆಂಬರಿನಲ್ಲಿ ಹುಡುಗಿಯರ ಪರವಾಗಿ ತೀರ್ಪಿತ್ತರು. ಮರುವರ್ಷ ರಾಜ್ಯದ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಹುಡುಗಿಯರನ್ನು ಸೇರಿಸಿಕೊಳ್ಳುವುದಕ್ಕಿಂತ ಆಟ ನಿಲ್ಲಿಸುವುದೇ ಮೇಲೆಂದು ರಾಜ್ಯದ ಅನೇಕ ಲೀಗ್‌ಗಳು ಮೈದಾನಕ್ಕೆ ಬೀಗ ಹಾಕಿದ್ದೂ ಉಂಟು. ಕೊನೆಗೆ 1974ರಲ್ಲಿ ಲಿಟ್ಲ್ ಲೀಗ್ ತನ್ನ ನಿಯಮ ತಿದ್ದಿತು. ಅದೇ ವರ್ಷ ಹುಡುಗಿಯರಿಗಾಗಿ ಸಾಫ್ಟ್‌ಬಾಲ್ ವಿಭಾಗವನ್ನೂ ತೆರೆಯಿತು. ಇಂದು ನಮ್ಮ ಮಕ್ಕಳು ಆಡುವ ಆಟದ ಬಾಗಿಲು ತೆರೆದದ್ದು ಹೀಗೆ. ಆದರೆ ತೀರ್ಪು ಬರುವಷ್ಟರಲ್ಲಿ ಮರಿಯಾ ಪೆಪೆಗೆ ಆ ಲೀಗಿನ ವಯಸ್ಸು ಮೀರಿತ್ತು. 2004ರಲ್ಲಿ ಸಂಸ್ಥೆ ಅವರನ್ನು ವಿಲಿಯಮ್ಸ್‌ಪೋರ್ಟ್‌ಗೆ ಕರೆಸಿ ಗೌರವದ ಮೊದಲ ಚೆಂಡನ್ನು ಎಸೆಯಿಸಿತು. ಗೌರವ ದೊರೆಯಿತು, ಹನ್ನೆರಡನೆಯ ವರ್ಷದ ಬೇಸಿಗೆ ಮಾತ್ರ ಮರಳಿ ಬರಲಿಲ್ಲ.

ಇಂದು ಯಾವ ಕಾನೂನೂ ಹುಡುಗಿಯನ್ನು ಮೈದಾನದಿಂದ ಹೊರಗಿಡುವುದಿಲ್ಲ. ಈಗಿನ ತಡೆಗಳು ಎರಡು: ಬೆಂಚು ಮತ್ತು ಹಣ.

ಎರಡು ದಾರಿಗಳು

ವಲಸೆಗೆ ಸಿದ್ಧರಾಗುತ್ತಿರುವ ಕುಟುಂಬಗಳು ಇಲ್ಲಿನ ವ್ಯವಸ್ಥೆಯನ್ನು ಮೊದಲು ತಿಳಿದಿರಬೇಕು. ಮಕ್ಕಳ ಆಟ ಇಲ್ಲಿ ಬಹುಮಟ್ಟಿಗೆ ಶಾಲೆಯ ಹೊರಗೆ ನಡೆಯುತ್ತದೆ. ಮೊದಲ ದಾರಿ ಪಟ್ಟಣದ ‘ರೆಕ್ರಿಯೇಷನ್’ ಲೀಗ್. ಚಳಿಗಾಲದಲ್ಲೇ ನೋಂದಣಿ, ಏಪ್ರಿಲ್‌ನಿಂದ ಜೂನ್‌ವರೆಗೆ ಪಂದ್ಯಗಳು. ಶುಲ್ಕ ಕಡಿಮೆ, ಬಂದವರಿಗೆಲ್ಲ ಜಾಗ, ತರಬೇತುದಾರರು ಆಟಗಾರ್ತಿಯರ ತಂದೆತಾಯಿಯರೇ. ಎರಡನೆಯದು ‘ಟ್ರಾವೆಲ್’ ತಂಡ. ಸಾಮಾನ್ಯವಾಗಿ ಆಗಸ್ಟ್ ಹೊತ್ತಿಗೆ ಆಯ್ಕೆ ಪರೀಕ್ಷೆ, ಚಳಿಗಾಲವಿಡೀ ಒಳಾಂಗಣ ಅಭ್ಯಾಸ, ವಸಂತದಿಂದ ವಾರಾಂತ್ಯದ ಪಂದ್ಯಾವಳಿಗಳು. ಇದರ ಶುಲ್ಕ, ಬ್ಯಾಟು, ಹೋಟೆಲು, ಪೆಟ್ರೋಲು ಸೇರಿ ವರ್ಷಕ್ಕೆ ಸಾವಿರಾರು ಡಾಲರ್ ದಾಟುವುದು ಸಾಮಾನ್ಯ. ಎರಡರ ನಡುವೆ ‘ಆಲ್ ಸ್ಟಾರ್’ ತಂಡಗಳಿವೆ: ಪಟ್ಟಣದ ಲೀಗಿನಲ್ಲಿ ಚೆನ್ನಾಗಿ ಆಡಿದವರನ್ನು ಆರಿಸಿ ಬೇಸಿಗೆಯ ಪಂದ್ಯಾವಳಿಗೆ ಕಳುಹಿಸುತ್ತಾರೆ.

ಅಮೆರಿಕದ ಆ್ಯಸ್ಪೆನ್ ಸಂಸ್ಥೆಯ ‘ಪ್ರಾಜೆಕ್ಟ್ ಪ್ಲೇ’ 2024ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ, ಮಗುವಿನ ಮುಖ್ಯ ಆಟವೊಂದಕ್ಕೇ ಕುಟುಂಬ ವರ್ಷಕ್ಕೆ ಸರಾಸರಿ 1,016 ಡಾಲರ್ ವೆಚ್ಚ ಮಾಡುತ್ತದೆ; ಐದು ವರ್ಷಗಳಲ್ಲಿ ಇದು ಶೇ 46ರಷ್ಟು ಏರಿದೆ. ಇದೇ ಸಂಸ್ಥೆ 2019ರಲ್ಲಿ ಪ್ರಕಟಿಸಿದ ಇನ್ನೊಂದು ಸಮೀಕ್ಷೆ ಹೇಳಿದ್ದು ಹೆಚ್ಚು ಕಳವಳದ ಸಂಗತಿ: ಸರಾಸರಿ ಮಗು ಒಂದು ಆಟದಲ್ಲಿ ಮೂರು ವರ್ಷವೂ ನಿಲ್ಲುವುದಿಲ್ಲ, ಹನ್ನೊಂದರ ಹೊತ್ತಿಗೆ ಬಿಟ್ಟುಬಿಡುತ್ತದೆ. ಬಿಡಲು ಮುಖ್ಯ ಕಾರಣ, ಆಟ ಖುಷಿ ಕೊಡದಿರುವುದು. ಖರ್ಚು ಏರುತ್ತದೆ, ಮಕ್ಕಳು ಇಳಿಯುತ್ತಾರೆ. ಎರಡೂ ಒಂದೇ ವ್ಯವಸ್ಥೆಯಲ್ಲಿ ನಡೆಯುತ್ತಿವೆ ಎಂಬುದನ್ನು ಮರೆಯಬಾರದು.

ಲೆಕ್ಕ ಏನು ಹೇಳುತ್ತದೆ

ಭಾವನೆಗಳನ್ನು ಬದಿಗಿಟ್ಟು ಸ್ವಲ್ಪ ಲೆಕ್ಕ ಹಾಕೋಣ. ಸಾಫ್ಟ್‌ಬಾಲ್‌ನಲ್ಲಿ ಮೈದಾನಕ್ಕಿಳಿಯುವವರು ಒಂಬತ್ತು ಮಂದಿ. ಎದುರಾಳಿಯ ಮೂವರು ಔಟಾದರೆ ಸರದಿ ಬದಲಾಗುತ್ತದೆ. ಎರಡೂ ತಂಡಗಳ ಸರದಿ ಮುಗಿದರೆ ಒಂದು ಇನ್ನಿಂಗ್ಸ್. ತಂಡದಲ್ಲಿ ಹನ್ನೆರಡು ಹುಡುಗಿಯರು ಇದ್ದಾರೆನ್ನಿ. ಆರು ಇನ್ನಿಂಗ್ಸ್‌ಗಳ ಪಂದ್ಯದಲ್ಲಿ ಒಟ್ಟು 54 ಸ್ಥಾನಾವಕಾಶಗಳು. ಸಮನಾಗಿ ಹಂಚಿದರೆ ತಲಾ ನಾಲ್ಕೂವರೆ ಇನ್ನಿಂಗ್ಸ್. ಆದರೆ ಪಂದ್ಯಾವಳಿಗಳಲ್ಲಿ ಸಮಯಮಿತಿ ಇರುವುದರಿಂದ ಎಷ್ಟೋ ಪಂದ್ಯಗಳು ನಾಲ್ಕು ಇನ್ನಿಂಗ್ಸ್‌ಗೇ ಮುಗಿಯುತ್ತವೆ. ಆಗ ಅವಕಾಶಗಳು 36, ತಲಾ ಮೂರು.

ಎಲ್ಲ ಸ್ಥಾನಗಳನ್ನೂ ಎಲ್ಲರಿಗೂ ಹಂಚಲಾಗದು ಎಂಬ ತರಬೇತುದಾರರ ಮಾತಿನಲ್ಲಿ ಸತ್ಯವಿದೆ. ಈ ವಯೋಮಾನದಲ್ಲಿ ಚೆಂಡೆಸೆಯುವ ಪಿಚರ್ ಬ್ಯಾಟುಗಾರ್ತಿಯಿಂದ ನಿಲ್ಲುವುದು 40 ಅಡಿ ದೂರದಲ್ಲಿ. ಗಂಟೆಗೆ 50 ಮೈಲಿ ವೇಗದ ಎಸೆತ ಸುಮಾರು ಅರ್ಧ ಸೆಕೆಂಡಿನಲ್ಲಿ ತಲುಪುತ್ತದೆ. ಬಲವಾಗಿ ಹೊಡೆದ ಚೆಂಡು ಅದಕ್ಕಿಂತ ಬೇಗ ಹಿಂದಿರುಗುತ್ತದೆ. ಪಿಚರ್, ಕ್ಯಾಚರ್, ಮೊದಲ ಮತ್ತು ಮೂರನೆಯ ಬೇಸ್, ಶಾರ್ಟ್‌ಸ್ಟಾಪ್ ಸ್ಥಾನಗಳಿಗೆ ಕೈಕಣ್ಣು ಪಳಗಿದವರು ಬೇಕು. ಸಿದ್ಧತೆಯಿಲ್ಲದ ಮಗುವನ್ನು ಅಲ್ಲಿ ನಿಲ್ಲಿಸುವುದು ನ್ಯಾಯವಲ್ಲ, ಅಪಾಯ.

ಹಾಗಾದರೆ ಈ ಐದು ಸ್ಥಾನಗಳಲ್ಲಿ ಐವರನ್ನೇ ಪಂದ್ಯವಿಡೀ ಉಳಿಸಿಕೊಳ್ಳಲಿ. ನಾಲ್ಕು ಇನ್ನಿಂಗ್ಸ್‌ಗೆ 20 ಅವಕಾಶಗಳು ಹೋದವು. ಉಳಿದ 16ನ್ನು ಏಳು ಮಂದಿಗೆ ಹಂಚಿದರೆ ಪ್ರತಿಯೊಬ್ಬಳಿಗೂ ಎರಡು ಇನ್ನಿಂಗ್ಸ್‌ಗಿಂತ ತುಸು ಹೆಚ್ಚೇ ಸಿಗುತ್ತದೆ. ಅಂದರೆ ಅತಿ ಚಿಕ್ಕ ಪಂದ್ಯದಲ್ಲಿ, ಅತಿ ಮುಖ್ಯ ಸ್ಥಾನಗಳನ್ನು ಮುಟ್ಟದೆಯೇ, ಎಲ್ಲರನ್ನೂ ಎರಡೆರಡು ಇನ್ನಿಂಗ್ಸ್ ಆಡಿಸಬಹುದು. ಇಡೀ ದಿನ ಬೆಂಚಿನ ಮೇಲೆ ಕೂರಿಸಲು ಗಣಿತದ ಒತ್ತಾಯ ಯಾವುದೂ ಇಲ್ಲ. ಅದು ತರಬೇತುದಾರರು ಮಾಡಿಕೊಂಡ ಆಯ್ಕೆ. ಈ ವಯಸ್ಸಿನ ಪಂದ್ಯಗಳಲ್ಲಿ ಬಹುಪಾಲು ಚೆಂಡುಗಳು ಒಳಾಂಗಣದ ಆಟಗಾರ್ತಿಯರ ಕಡೆಗೇ ಹೋಗುವುದರಿಂದ, ಹೊರ ಮೈದಾನದಲ್ಲಿ ಸರದಿ ಬದಲಿಸಿದರೆ ತಂಡ ತೆರುವ ಬೆಲೆಯೂ ದೊಡ್ಡದಲ್ಲ. ಬ್ಯಾಟಿಂಗ್ ಇನ್ನೂ ಸುಲಭ: ಹಾಜರಿರುವ ಎಲ್ಲರನ್ನೂ ಸರದಿಪಟ್ಟಿಗೆ ಸೇರಿಸಲು ಮಕ್ಕಳ ಪಂದ್ಯಾವಳಿಗಳಲ್ಲಿ ಸಾಮಾನ್ಯವಾಗಿ ಅವಕಾಶವಿದೆ.

ಲಿಟ್ಲ್ ಲೀಗ್‌ನ ನಿಯಮವೂ ಈ ಲೆಕ್ಕಕ್ಕೆ ಹತ್ತಿರವಿದೆ. ಅಲ್ಲಿ ಸಾಮಾನ್ಯ ಋತುವಿನ ಪ್ರತಿ ಪಂದ್ಯದಲ್ಲೂ ಪ್ರತಿ ಮಗು ಎದುರಾಳಿಯ ಆರು ಔಟ್‌ಗಳಷ್ಟು ಕಾಲ, ಅಂದರೆ ಎರಡು ಇನ್ನಿಂಗ್ಸ್, ಮೈದಾನದಲ್ಲಿರಬೇಕು. ಒಮ್ಮೆಯಾದರೂ ಬ್ಯಾಟ್ ಹಿಡಿಯಬೇಕು. ಮಕ್ಕಳ ಫುಟ್‌ಬಾಲ್‌ಗಾಗಿ ಕ್ಯಾಲಿಫೋರ್ನಿಯಾದಲ್ಲಿ 1964ರಲ್ಲಿ ಆರಂಭವಾದ ಎವೈಎಸ್ಒ ಸಂಸ್ಥೆ, ಪ್ರತಿ ಮಗು ಕನಿಷ್ಠ ಅರ್ಧ ಪಂದ್ಯ ಆಡಬೇಕೆಂಬುದನ್ನು ತನ್ನ ಮೂಲತತ್ತ್ವವಾಗಿಯೇ ಇಟ್ಟುಕೊಂಡಿದೆ. ಇಂಥ ಖಾತರಿ ಬಹುತೇಕ ಟ್ರಾವೆಲ್ ತಂಡಗಳಲ್ಲಿ ಇಲ್ಲ. ಅಲ್ಲಿ ಕಟ್ಟಿದ ಹಣ ತಂಡದಲ್ಲಿ ಜಾಗ ಕೊಡುತ್ತದೆ, ಮೈದಾನದಲ್ಲಿ ಅಲ್ಲ.

ಗೆಲುವಿನ ಪರವಾದ ವಾದ

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಗೆಲ್ಲುವ ಆಸೆ ದೊಡ್ಡವರದ್ದು ಮಾತ್ರವಲ್ಲ, ಮಕ್ಕಳದ್ದೂ ಹೌದು. ಚಳಿಗಾಲದಲ್ಲಿ ವಾರಕ್ಕೆ ಮೂರು ದಿನ ಚೆಂಡೆಸೆದು ಭುಜ ನೋಯಿಸಿಕೊಂಡ ಹುಡುಗಿಗೆ, ಅಭ್ಯಾಸಕ್ಕೆ ಅರ್ಧದಷ್ಟು ದಿನವೂ ಬಾರದವಳಷ್ಟೇ ಅವಕಾಶ ಕೊಟ್ಟರೆ ಅದನ್ನು ನ್ಯಾಯವೆನ್ನಲಾದೀತೇ? ಶ್ರಮಕ್ಕೂ ಫಲಕ್ಕೂ ಸಂಬಂಧವಿದೆ ಎಂಬುದನ್ನು ಆಟ ಕಲಿಸದಿದ್ದರೆ ಬೇರೆ ಯಾವುದು ಕಲಿಸಬೇಕು?

ಇಲ್ಲಿ ನಮ್ಮ ಕುಟುಂಬಗಳು ತಮ್ಮನ್ನೇ ಕೇಳಿಕೊಳ್ಳಬೇಕಾದ ಮಾತೊಂದಿದೆ. ಪಂದ್ಯಾವಳಿಗಳ ಋತು ಬೇಸಿಗೆ. ನಾವು ಊರಿಗೆ ಹೋಗಿಬರುವುದೂ ಬೇಸಿಗೆಯಲ್ಲೇ. ವಾರಾಂತ್ಯದ ಅಭ್ಯಾಸಕ್ಕೆ ಕನ್ನಡ ತರಗತಿ, ನೃತ್ಯದ ಪಾಠ, ಎಡಿಸನ್‌ನ ಶ್ರೀಕೃಷ್ಣ ವೃಂದಾವನದ ಪೂಜೆ, ಬಂಧುಗಳ ಮನೆಯ ಸಮಾರಂಭ ಅಡ್ಡಬರುತ್ತವೆ. ಇವೆಲ್ಲ ನಮಗೆ ಬೇಕಾದವೇ. ಆದರೆ ಜುಲೈನಲ್ಲಿ ಮೂರು ವಾರ ಬೆಂಗಳೂರಿಗೆ ಹೋಗಿಬಂದ ಹುಡುಗಿಗಿಂತ ಆ ಮೂರು ವಾರವೂ ಅಭ್ಯಾಸಕ್ಕೆ ಬಂದವಳನ್ನು ತರಬೇತುದಾರರು ಮುಂದಿಟ್ಟರೆ ಅದರಲ್ಲಿ ಪಕ್ಷಪಾತ ಹುಡುಕುವುದು ಸರಿಯಲ್ಲ. ಬೇಸಿಗೆಯಿಡೀ ಬೇಡುವ ತಂಡವನ್ನು ಸೇರುವ ಮೊದಲೇ ಮನೆಯಲ್ಲಿ ಕುಳಿತು ಈ ಲೆಕ್ಕ ಹಾಕಬೇಕು. ಅಜ್ಜಿಯ ಮನೆಗೆ ಹೋಗುವುದು ಮುಖ್ಯವಾದರೆ, ಮತ್ತು ಅದು ಮುಖ್ಯವಾಗಿರಬಹುದು, ಪಟ್ಟಣದ ಲೀಗೇ ಒಳ್ಳೆಯದು.

ಆದರೂ ಈ ವಾದ ಒಂದು ಹಂತದವರೆಗೆ ಮಾತ್ರ ನಡೆಯುತ್ತದೆ. ಶ್ರಮಕ್ಕೆ ತಕ್ಕಂತೆ ಹೆಚ್ಚು ಆಡಿಸುವುದು ಬೇರೆ, ಕೆಲವರನ್ನು ಆಡಿಸದೇ ಇರುವುದು ಬೇರೆ. ಹತ್ತು, ಹನ್ನೊಂದರ ವಯಸ್ಸಿನಲ್ಲಿ ಕಾಣುವ ‘ಪ್ರತಿಭೆ’ಯ ದೊಡ್ಡ ಭಾಗ ಬೇಗ ಎತ್ತರ ಬೆಳೆದದ್ದು, ಐದನೆಯ ವಯಸ್ಸಿಗೇ ಬ್ಯಾಟ್ ಹಿಡಿದದ್ದು, ಅಪ್ಪ ಹಿತ್ತಲಿನಲ್ಲಿ ಚೆಂಡೆಸೆದು ಕಲಿಸಿದ್ದು. ಒಂಬತ್ತರ ವಯಸ್ಸಿನಲ್ಲಿ ಹುಬ್ಬಳ್ಳಿಯಿಂದ ಬಂದಿಳಿದು ಮೊದಲ ಬಾರಿ ಗ್ಲೋವ್ ತೊಟ್ಟ ಹುಡುಗಿಯ ಜೊತೆ ಇವಳನ್ನು ಹೋಲಿಸಿ ಶಾಶ್ವತ ತೀರ್ಮಾನ ಕೊಡುವುದು ಅವಸರ. ಕನಿಷ್ಠ ಅವಕಾಶದ ನಿಯಮ ದುರ್ಬಲರಿಗೆ ಹಾಕುವ ಭಿಕ್ಷೆಯಲ್ಲ. ತಡವಾಗಿ ಬಂದವರಿಗೆ ತೆರೆದಿಟ್ಟ ಬಾಗಿಲು. ವಲಸಿಗರ ಮಕ್ಕಳು ಆಟದಲ್ಲಿ ಸಾಮಾನ್ಯವಾಗಿ ತಡವಾಗಿ ಬಂದವರೇ.

ಶನಿವಾರ ಸಮಾನತೆ, ಭಾನುವಾರ ಸ್ಪರ್ಧೆ

ಅನೇಕ ಪಂದ್ಯಾವಳಿಗಳಲ್ಲಿ ಶನಿವಾರ ಗುಂಪಿನ ಪಂದ್ಯಗಳು, ಭಾನುವಾರ ನಾಕೌಟ್. ಶನಿವಾರದ ಫಲಿತಾಂಶದಿಂದ ಮರುದಿನ ಯಾರಿಗೆ ಯಾರು ಎದುರಾಳಿ ಎಂಬುದಷ್ಟೇ ತೀರ್ಮಾನವಾಗುತ್ತದೆ. ಆದ್ದರಿಂದ ತಂಡಗಳಲ್ಲಿ ಒಂದು ರಾಜಿ ಸೂತ್ರ ರೂಢಿಗೆ ಬಂದಿದೆ: ಶನಿವಾರ ಎಲ್ಲರನ್ನೂ ಸಮನಾಗಿ ಆಡಿಸುವುದು, ಭಾನುವಾರ ಗೆಲ್ಲಲು ಆಡುವುದು.

ಮೇಲ್ನೋಟಕ್ಕೆ ಇದು ಜಾಣ ಸೂತ್ರ. ಒಳಹೊಕ್ಕು ನೋಡಿದರೆ ದೋಷ ಕಾಣುತ್ತದೆ. ಪ್ರತಿ ಭಾನುವಾರ ಬೆಂಚಿನಲ್ಲಿ ಕೂರುವವರು ಅದೇ ಮೂವರಾದರೆ, ಒತ್ತಡದಲ್ಲಿ ಆಡುವ ಅಭ್ಯಾಸ ಅವರಿಗೆ ಎಂದಿಗೂ ಆಗುವುದಿಲ್ಲ. ಅಭ್ಯಾಸವಿಲ್ಲವೆಂದೇ ಮುಂದಿನ ಭಾನುವಾರವೂ ಅವರನ್ನು ಕೂರಿಸಲಾಗುತ್ತದೆ. ಈಜು ಬಾರದವರನ್ನು ನೀರಿಗೆ ಬಿಡೆವು ಎಂಬ ತರ್ಕವಿದು. ಮುಖ್ಯ ಪಿಚರ್‌ಗೆ ಗಾಯವಾದ ದಿನ, ಇಬ್ಬರು ಆಟಗಾರ್ತಿಯರು ಬಾರದ ದಿನ, ತಂಡವೇ ಇದರ ಬೆಲೆ ತೆರುತ್ತದೆ. ಇದಕ್ಕಿಂತ ಗಟ್ಟಿಯಾದ ವ್ಯವಸ್ಥೆ ವಯಸ್ಸಿಗೆ ತಕ್ಕಂತೆ ಮೆಟ್ಟಿಲುಗಳನ್ನು ಇಡುವುದು. ಹತ್ತರೊಳಗಿನವರಿಗೆ ಬಹುಮಟ್ಟಿಗೆ ಸಮಾನ ಆಟ. ಹನ್ನೆರಡರೊಳಗಿನವರಿಗೆ ಭಾನುವಾರವೂ ಸೇರಿದಂತೆ ಪ್ರತಿ ಪಂದ್ಯದಲ್ಲಿ ಎಲ್ಲರಿಗೂ ಬ್ಯಾಟಿಂಗ್ ಮತ್ತು ಎರಡು ಇನ್ನಿಂಗ್ಸ್ ಖಾತರಿ; ಅದರಾಚೆಗೆ ತರಬೇತುದಾರರ ವಿವೇಚನೆ. ಹದಿನಾಲ್ಕರ ಮೇಲೆ ಸಾಮರ್ಥ್ಯಕ್ಕೆ ಹೆಚ್ಚು ಮನ್ನಣೆ, ಆದರೆ ಅದನ್ನು ಶುಲ್ಕ ಪಡೆಯುವ ಮೊದಲೇ ಬರಹದಲ್ಲಿ ಹೇಳುವುದು.

1998ರಲ್ಲಿ ಆರಂಭವಾದ ‘ಪಾಸಿಟಿವ್ ಕೋಚಿಂಗ್ ಅಲಯನ್ಸ್’ ತರಬೇತುದಾರರಿಗೆ ಎರಡು ಗುರಿ ಇರಬೇಕೆನ್ನುತ್ತದೆ: ಗೆಲ್ಲಲು ಯತ್ನಿಸುವುದು, ಅದಕ್ಕಿಂತ ಮುಖ್ಯವಾಗಿ ಬದುಕಿಗೆ ಬೇಕಾದುದನ್ನು ಆಟದ ಮೂಲಕ ಕಲಿಸುವುದು. ಮಕ್ಕಳು ಏನು ಬಯಸುತ್ತಾರೆಂದು ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು ಅವರನ್ನೇ ಕೇಳಿದಾಗ, ಆಟವನ್ನು ಖುಷಿಯಾಗಿಸುವ 81 ಅಂಶಗಳ ಪಟ್ಟಿ ಸಿದ್ಧವಾಯಿತು. ಅದರಲ್ಲಿ ಗೆಲುವಿಗೆ ಸಿಕ್ಕಿದ್ದು 48ನೆಯ ಸ್ಥಾನ. ಗೆಲುವು ಬೇಡವೆಂದು ಮಕ್ಕಳು ಹೇಳಲಿಲ್ಲ. ಅದಕ್ಕಿಂತ ಮುಂಚೆ ಬೇರೆ 47 ಸಂಗತಿಗಳಿವೆ ಎಂದರು.

ಗೆಲುವನ್ನು ಹಿಂದಿಟ್ಟರೆ ದೇಶದ ಕ್ರೀಡಾಮಟ್ಟ ಕುಸಿಯುತ್ತದೆ ಎಂಬ ಭಯಕ್ಕೆ ನಾರ್ವೆ ಉತ್ತರ ಕೊಟ್ಟಿದೆ. ಅಲ್ಲಿನ ಮಕ್ಕಳ ಕ್ರೀಡಾ ನಿಯಮಗಳಂತೆ ಹನ್ನೊಂದರ ವಯಸ್ಸಿಗಿಂತ ಮುಂಚೆ ಅಂಕಪಟ್ಟಿ, ಶ್ರೇಯಾಂಕಗಳಿಗೆ ಅವಕಾಶವಿಲ್ಲ. ಹದಿಮೂರಕ್ಕಿಂತ ಮುಂಚೆ ರಾಷ್ಟ್ರೀಯ ಚಾಂಪಿಯನ್‌ಷಿಪ್ ಇಲ್ಲ. ಅದೇ ನಾರ್ವೆ 2018 ಮತ್ತು 2022ರ ಚಳಿಗಾಲದ ಒಲಿಂಪಿಕ್ಸ್‌ನಲ್ಲಿ ಪದಕಪಟ್ಟಿಯ ಮೊದಲ ಸ್ಥಾನದಲ್ಲಿತ್ತು. ಚಿಕ್ಕ ದೇಶವೊಂದರ ಪದ್ಧತಿಯನ್ನು ಅಮೆರಿಕಕ್ಕೆ ಹಾಗೆಯೇ ತಂದು ನೆಡಲಾಗದು. ಆದರೆ ಹತ್ತರ ಮಗುವನ್ನು ಬೆಂಚಿನಲ್ಲಿ ಕೂರಿಸದಿದ್ದರೆ ಚಾಂಪಿಯನ್ನರು ಹುಟ್ಟುವುದಿಲ್ಲ ಎಂಬ ನಂಬಿಕೆ ಸುಳ್ಳೆಂದು ತಿಳಿಯಲು ಈ ಉದಾಹರಣೆ ಸಾಕು.

ಕಾಲೇಜಿನ ಕನಸು

ತಂದೆತಾಯಿಯರ ಆತುರದ ಹಿಂದೆ ಹೆಚ್ಚಾಗಿ ಇರುವುದು ಕಾಲೇಜಿನ ಲೆಕ್ಕ. ಆಟದಿಂದ ವಿದ್ಯಾರ್ಥಿವೇತನ ದೊರೆಯಬಹುದು, ಪ್ರಿನ್ಸ್‌ಟನ್ನಿನಂಥ ವಿಶ್ವವಿದ್ಯಾಲಯದ ಬಾಗಿಲು ತೆರೆಯಬಹುದು ಎಂಬ ಆಸೆ. ವಾಸ್ತವ ಹೀಗಿದೆ: ಪ್ರೌಢಶಾಲೆಯ ಮಟ್ಟದಲ್ಲಿ ಸಾಫ್ಟ್‌ಬಾಲ್ ಆಡುವ ನೂರು ಹುಡುಗಿಯರಲ್ಲಿ ಎನ್‌ಸಿಎಎ ಕಾಲೇಜು ತಂಡ ಸೇರುವವರು ಆರರ ಆಸುಪಾಸು; ಅತ್ಯುನ್ನತವಾದ ಮೊದಲ ಶ್ರೇಣಿಗೆ ಏರುವವರು ಇಬ್ಬರನ್ನೂ ದಾಟುವುದಿಲ್ಲ. ಪ್ರಿನ್ಸ್‌ಟನ್ ಸೇರಿದಂತೆ ಐವಿ ಲೀಗ್ ವಿಶ್ವವಿದ್ಯಾಲಯಗಳು ಕ್ರೀಡಾ ವಿದ್ಯಾರ್ಥಿವೇತನವನ್ನೇ ಕೊಡುವುದಿಲ್ಲ. ಕಾಲೇಜು ಕ್ರೀಡೆಯ ಹಣಕಾಸಿನ ಕುರಿತು 2025ರ ಜೂನ್‌ನಲ್ಲಿ ನ್ಯಾಯಾಲಯ ಒಪ್ಪಿದ ಒಪ್ಪಂದದ ನಂತರ, ಅದಕ್ಕೆ ಸೇರಿದ ವಿಶ್ವವಿದ್ಯಾಲಯಗಳ ಸಾಫ್ಟ್‌ಬಾಲ್ ತಂಡಗಳಿಗೆ 25 ಆಟಗಾರ್ತಿಯರ ಮಿತಿಯೂ ಬಂದಿದೆ. ಮೇಲಾಗಿ 2018ರಲ್ಲಿ ತಂದ ನಿಯಮದಂತೆ, ಪ್ರೌಢಶಾಲೆಯ ಮೂರನೆಯ ವರ್ಷದ ಸೆಪ್ಟೆಂಬರ್ 1ಕ್ಕಿಂತ ಮುಂಚೆ ಮೊದಲ ಶ್ರೇಣಿಯ ಕಾಲೇಜು ತರಬೇತುದಾರರು ಆಟಗಾರ್ತಿಯೊಂದಿಗೆ ಆಯ್ಕೆಯ ಮಾತನ್ನೇ ಆಡುವಂತಿಲ್ಲ. ಹನ್ನೊಂದರ ವಯಸ್ಸಿನ ಪಂದ್ಯಾವಳಿಯ ಟ್ರೋಫಿ ಅಲ್ಲಿಯವರೆಗೆ ಯಾರ ನೆನಪಿನಲ್ಲೂ ಇರುವುದಿಲ್ಲ.

ಹಾಗೆಂದು ಆಟದಿಂದ ಏನೂ ದಕ್ಕುವುದಿಲ್ಲವೆಂದಲ್ಲ. ನ್ಯೂಜೆರ್ಸಿಯ ರಿಜ್‌ವುಡ್ ಪ್ರೌಢಶಾಲೆಯಲ್ಲಿ ಓದಿದ, ಚೀನೀ ಮೂಲದ ಕುಟುಂಬದ ಕಿಮ್ ಎಂಗ್ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ಬಾಲ್ ಆಡಿದರು; ಮೂರನೆಯ ಶ್ರೇಣಿಯ ಆ ತಂಡದಲ್ಲಿ ಕ್ರೀಡಾ ವಿದ್ಯಾರ್ಥಿವೇತನವಿಲ್ಲ. 2020ರಲ್ಲಿ ಅವರು ಮಯಾಮಿ ಮಾರ್ಲಿನ್ಸ್ ಬೇಸ್‌ಬಾಲ್ ತಂಡದ ಪ್ರಧಾನ ವ್ಯವಸ್ಥಾಪಕಿಯಾದರು. ಮೇಜರ್ ಲೀಗ್‌ನಲ್ಲಿ ಆ ಹುದ್ದೆಗೇರಿದ ಮೊದಲ ಮಹಿಳೆ. 2025ರಲ್ಲಿ ಮಹಿಳೆಯರ ಹೊಸ ವೃತ್ತಿಪರ ಸಾಫ್ಟ್‌ಬಾಲ್ ಲೀಗ್‌ನ ಆಯುಕ್ತೆಯಾದರು. ಆ ಲೀಗಿನ ಆರಂಭ ಮತ್ತು 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಸಾಫ್ಟ್‌ಬಾಲ್ ಮರಳುತ್ತಿರುವುದು ಹುಡುಗಿಯರ ಉತ್ಸಾಹವನ್ನು ಹೆಚ್ಚಿಸಿವೆ. ಆ ಉತ್ಸಾಹವನ್ನು ಉಳಿಸಿಕೊಳ್ಳಲು ಮೊದಲು ಬೇಕಾದದ್ದು ಆಟದಲ್ಲಿ ಉಳಿಯುವುದು.

ಬೇಲಿಯ ಈಚೆಗಿನವರು

ದೊಡ್ಡವರ ಬಿಸಿ ಎಲ್ಲಿಗೆ ಮುಟ್ಟಿದೆ ಎಂಬುದಕ್ಕೆ ನ್ಯೂಜೆರ್ಸಿಯಲ್ಲೇ ಇತ್ತೀಚಿನ ಸಾಕ್ಷಿಗಳಿವೆ. 2023ರಲ್ಲಿ ಡೆಪ್ಟ್‌ಫರ್ಡ್ ಪಟ್ಟಣದ ಲಿಟ್ಲ್ ಲೀಗ್, ಪ್ರೇಕ್ಷಕರ ಬೈಗುಳಕ್ಕೆ ಬೇಸತ್ತು ಅಂಪೈರ್‌ಗಳು ಕೆಲಸ ಬಿಟ್ಟಾಗ, ಹೊಸ ನಿಯಮವೊಂದನ್ನು ತಂದಿತು: ಅಂಪೈರ್‌ನನ್ನು ನಿಂದಿಸಿದವರು ಸ್ವತಃ ಮೂರು ಪಂದ್ಯಗಳಿಗೆ ಅಂಪೈರ್ ಆಗಬೇಕು; ಅಲ್ಲಿಯವರೆಗೆ ಮೈದಾನಕ್ಕೆ ಪ್ರವೇಶವಿಲ್ಲ. 2025ರ ಜುಲೈನಲ್ಲಿ ದಕ್ಷಿಣ ನ್ಯೂಜೆರ್ಸಿಯ ಬೇಸ್‌ಬಾಲ್ ತಂಡವೊಂದರ ಹನ್ನೆರಡರ ಹುಡುಗ ಹೋಮ್ ರನ್ ಹೊಡೆದ ಸಂಭ್ರಮದಲ್ಲಿ ಬ್ಯಾಟನ್ನು ಮೇಲಕ್ಕೆಸೆದದ್ದಕ್ಕೆ ಮುಂದಿನ ಪಂದ್ಯದಿಂದ ಅಮಾನತಾದ. ತಂದೆ ನ್ಯಾಯಾಲಯಕ್ಕೆ ಹೋದರು. ನ್ಯಾಯಾಧೀಶರ ತುರ್ತು ಆದೇಶದಿಂದ ಹುಡುಗ ರಾಜ್ಯಮಟ್ಟದ ಪಂದ್ಯ ಆಡಿದ. ಐವತ್ತು ವರ್ಷಗಳ ಹಿಂದೆ ಇದೇ ರಾಜ್ಯದ ನ್ಯಾಯಾಲಯ ಎಲ್ಲ ಹುಡುಗಿಯರ ಆಡುವ ಹಕ್ಕನ್ನು ವಿಚಾರಿಸಿತ್ತು. ಈಗ ಒಬ್ಬ ಹುಡುಗನ ಒಂದು ಪಂದ್ಯ ಅಲ್ಲಿಗೆ ಹೋಗುತ್ತದೆ.

ನಮ್ಮವರು ಸಾಮಾನ್ಯವಾಗಿ ಇದರ ಇನ್ನೊಂದು ತುದಿಯಲ್ಲಿರುತ್ತಾರೆ. ಬೈಯುವುದಿಲ್ಲ, ಕೇಳುವುದೂ ಇಲ್ಲ. ಮೇಷ್ಟರನ್ನು ಪ್ರಶ್ನಿಸಬಾರದೆಂಬ ಸಂಸ್ಕಾರವನ್ನು ಮೈದಾನಕ್ಕೂ ತರುತ್ತೇವೆ. ಮನೆಗೆ ಬಂದು ಗೊಣಗುತ್ತೇವೆ. ಅದು ಮಗಳ ಕಿವಿಗೆ ಬೀಳುತ್ತದೆ. ತನ್ನ ಮಗಳನ್ನೇ ಪಿಚರ್ ಮಾಡುವ ಕೋಚ್ ಅಪ್ಪನ ಬಗ್ಗೆ ಇಲ್ಲಿ ಎಲ್ಲರೂ ದೂರುವುದುಂಟು, ಆ ದೂರಿನಲ್ಲಿ ಹುರುಳೂ ಇರಬಹುದು. ಆದರೆ ಸ್ವಯಂಸೇವಕರನ್ನು ಕರೆದಾಗ ಕೈಯೆತ್ತಿದವನು ಆತನೇ. ತಂಡ ಆರಿಸುವ ಕೋಣೆಯಲ್ಲಿ ನಮ್ಮವರು ಇಲ್ಲದಿರಲು ಒಂದು ಕಾರಣ, ‘ನಮಗೆ ಈ ಆಟ ಗೊತ್ತಿಲ್ಲ’ ಎಂದು ನಾವೇ ಹಿಂದೆ ಸರಿದದ್ದು. ಕ್ರಿಕೆಟ್ ಬಲ್ಲವರಿಗೆ ಕ್ಯಾಚ್ ಹಿಡಿಸಲು, ಸ್ಕೋರ್ ಬರೆಯಲು ಕಲಿಯುವುದು ಕಷ್ಟವಲ್ಲ. ಸ್ವಯಂಸೇವಕ ತರಬೇತುದಾರರಿಗೆ ಮೊಕದ್ದಮೆಗಳಿಂದ ರಕ್ಷಣೆ ಕೊಡುವ ಕಾನೂನು ನ್ಯೂಜೆರ್ಸಿಯಲ್ಲಿ 1986ರಿಂದ ಇದೆ. ಅದಕ್ಕೆ ಬೇಕಾದ ಮೂರು ಗಂಟೆಯ ಸುರಕ್ಷತಾ ತರಬೇತಿಯನ್ನು ರಟ್ಗರ್ಸ್ ವಿಶ್ವವಿದ್ಯಾಲಯ ರೂಪಿಸಿದೆ. ಒಂದು ಸಂಜೆಯ ಕೆಲಸ.

ತಂಡ ಸೇರುವ ಮೊದಲು ಕೇಳಬೇಕಾದ ಪ್ರಶ್ನೆಗಳೂ ಸರಳ. ಪಟ್ಟಿಯಲ್ಲಿ ಎಷ್ಟು ಮಂದಿ? ಹದಿನಾಲ್ಕಾದರೆ ಐವರು ಯಾವಾಗಲೂ ಬೆಂಚಿನಲ್ಲಿರುತ್ತಾರೆ, ಹನ್ನೊಂದಾದರೆ ಇಬ್ಬರು. ನಾಕೌಟ್ ಪಂದ್ಯದಲ್ಲಿ ಕನಿಷ್ಠ ಆಟದ ಖಾತರಿ ಇದೆಯೇ? ಎಲ್ಲರೂ ಬ್ಯಾಟ್ ಮಾಡುತ್ತಾರೆಯೇ? ಬೇಸಿಗೆಯಲ್ಲಿ ಊರಿಗೆ ಹೋದರೆ ಏನಾಗುತ್ತದೆ? ಇವಕ್ಕೆ ನೇರ ಉತ್ತರ ಕೊಡುವ ತರಬೇತುದಾರರು, ಉತ್ತರ ನಮಗೆ ಹಿಡಿಸದಿದ್ದರೂ, ನಂಬಿಕೆಗೆ ಅರ್ಹರು. ಋತುವಿನ ನಡುವೆ ಅಸಮಾಧಾನ ಹುಟ್ಟಿದರೆ ಪಂದ್ಯ ಮುಗಿದ ಕೂಡಲೇ ಮಾತಿಗಿಳಿಯದೆ ಒಂದು ದಿನ ಕಾಯುವುದು ಇಲ್ಲಿನ ಒಳ್ಳೆಯ ರೂಢಿ. ಮಗಳು ಹನ್ನೆರಡು ದಾಟಿದ್ದರೆ ಅವಳೇ ಹೋಗಿ, ‘ಹೆಚ್ಚು ಆಡಲು ನಾನೇನು ಕಲಿಯಬೇಕು?’ ಎಂದು ಕೇಳಲಿ. ಆ ಪ್ರಶ್ನೆಯನ್ನು ದೊಡ್ಡವರ ಎದುರು ನಿಂತು ಕೇಳುವ ಧೈರ್ಯ ಯಾವ ಟ್ರೋಫಿಗಿಂತಲೂ ಹೆಚ್ಚು ಕಾಲ ಅವಳ ಜೊತೆಗಿರುತ್ತದೆ.

ಊರಿನಲ್ಲಿ ಕುಳಿತು ಆ್ಯಪ್ ನೋಡುವ ಅಜ್ಜ ಅಜ್ಜಿಯರಿಗೂ ಒಂದು ಮಾತು. ಗೆದ್ದಿರಾ ಸೋತಿರಾ ಎಂಬುದನ್ನು ಆ್ಯಪ್ ಹೇಗೂ ಹೇಳುತ್ತದೆ. ಮೊಮ್ಮಗಳನ್ನು ಕೇಳಬೇಕಾದದ್ದು, ಇವತ್ತು ಯಾವ ಜಾಗದಲ್ಲಿ ನಿಂತಿದ್ದೆ, ಎಷ್ಟು ಹೊತ್ತು ಆಡಿದೆ, ಪಕ್ಕದಲ್ಲಿ ಯಾರಿದ್ದರು ಎಂದು. ಆಡದೆ ಕುಳಿತ ದಿನವಾದರೆ ಅವಳು ಸುಮ್ಮನಾಗಬಹುದು. ಆ ಮೌನವನ್ನು ತಂದೆತಾಯಿಗೆ ತಲುಪಿಸಿ. ಹೋಬೋಕನ್‌ನ ಹುಡುಗಿಯ ನ್ಯಾಯ ಗೆದ್ದಿತಾದರೂ ಅವಳ ಪಾಲಿಗೆ ತಡವಾಗಿತ್ತು. ಹನ್ನೆರಡರ ಬೇಸಿಗೆ ಯಾವ ಮಗುವಿಗೂ ಎರಡು ಬಾರಿ ಬರುವುದಿಲ್ಲ.